ಬೆನ್ನು ಹಾಕಿ ಕೂತವನು

ಕಿರ್ಗಿಜ್ ರಾಜಧಾನಿ ಫ್ರುಂಜೆಯ ವ್ಯಾಯಾಮಶಾಲೆಯಲ್ಲಿ, ಮರದ ಪೆಟ್ಟಿಗೆಯ ಮೇಲೆ ನಿಂತ ಬುರುಲ್ಚಾ ಬೂಟಿನ ಲಾಡಿ ಬಿಗಿದುಕೊಂಡಳು. ತೊಟ್ಟಿದ್ದು ಕಳೆದ ಚಳಿಗಾಲದಲ್ಲಿ ತೀರಿಕೊಂಡ ಅಕ್ಕ ಜಿಪಾರಳ ಬೂಟು. ಕೆಳಗೆ ಧುಮುಕಿ, ನೆಲ ಸೋಕಿದೊಡನೆ ಮೇಲಕ್ಕೆ ಚಿಮ್ಮಬೇಕು. ಮುದಿ ತರಬೇತುದಾರ ತೊಕ್ತೊಸುನ್ ಎಂದಿನಂತೆ ಬೆನ್ನು ಹಾಕಿ ಕೂತಿದ್ದ. ಕಾಲಿನ ತಪ್ಪು ಕಣ್ಣಿಗಿಂತ ಕಿವಿಗೇ ಬೇಗ ಸಿಗುತ್ತದೆಂಬುದು ಅವನ ವಾದ.

ಎರಡು ಸಲ ಧುಮುಕಿದಳು.

"ಹಿಟ್ಟಿನ ಮೂಟೆ ಬಿದ್ದಂಗಾಯ್ತಲ್ಲೇ. ನಿಮ್ಮಕ್ಕ ಬೆಕ್ಕಿನಂಗೆ ಇಳೀತಿದ್ಲು."

"ಬೂಟು ದೊಡ್ಡದು, ಗುರುಗಳೇ."

"ಬೂಟಿಗೆ ಎಲ್ಲಾ ಗೊತ್ತು. ಕಲೀಬೇಕಾದೋಳು ನೀನು. ಹತ್ತು ಇನ್ನೊಂದ್ಸಲ."

ಹತ್ತಿದಳು. ಅಂಚಿಗೆ ಬಂದು ಉಸಿರು ಬಿಗಿಹಿಡಿದಳು. ಮುದುಕನ ಭುಜಗಳು ನಿಧಾನವಾಗಿ ಸಡಿಲಗೊಂಡವು.

"ಹಾಂ, ಹಿಂಗೆ," ಎಂದ ಮೆಲ್ಲಗೆ. "ಈಗ ಬೆಕ್ಕಿನಂಗೆ ಇಳಿದೆ ನೋಡು, ಮಗಳೇ."

ಬುರುಲ್ಚಾ ಪೆಟ್ಟಿಗೆಯಿಂದ ಇನ್ನೂ ಇಳಿದೇ ಇರಲಿಲ್ಲ.