ಕೆರೆಯಂಚಿನ ಅತ್ತಿಗೆ

ಗಂಡ ದಿನಾ ಸಂಜೆ ಕೆರೆ ಪಕ್ಕದ ಅಣ್ಣನ ಮನೆಗೆ ಹೋಗಿಬರುತ್ತಿದ್ದ. ಬಂದವನಿಗೆ ಹಸಿವೇ ಇರುತ್ತಿರಲಿಲ್ಲ.

"ಅತ್ತಿಗೆ ಅಕ್ಕಿರೊಟ್ಟಿ ಹಾಕಿದ್ರು ಕಣೇ. ಅವರ ಕೈರುಚಿನೇ ಬೇರೆ."

ವನಮಾಲಾಳ ಹೊಟ್ಟೆ ಉರಿಯುತ್ತಿತ್ತು. ಕೆರೆಗೆ ಅಷ್ಟು ಹತ್ತಿರ ಮನೆ ಕಟ್ಟುವಂತಿಲ್ಲ ಎಂಬ ನಿಯಮ ಅವಳಿಗೆ ಗೊತ್ತಿತ್ತು. ಹೆಸರು ಹೇಳದೆ ನಗರಸಭೆಗೆ ಫೋನ್ ಮಾಡಿದಳು. ಅವರು ಬಂದು ಅಳೆದರು. ಮನೆ ಕೆರೆಯ ಬಫರ್ ಜಾಗದಲ್ಲೇ ಇತ್ತು. ತೆರವಿಗೆ ನೋಟಿಸ್ ಬಂತು.

"ಯಾರ ಕಣ್ಣು ಬಿತ್ತೋ," ಎಂದು ಗಂಡ ತಲೆ ಮೇಲೆ ಕೈ ಹೊತ್ತು ಕೂತ.

"ಪಾಪ. ಕಾನೂನು ಅಂದ್ಮೇಲೆ ಏನ್ಮಾಡೋಕಾಗುತ್ತೆ? ಇನ್ಮೇಲೆ ಸಂಜೆ ಮನೇಲೇ ಊಟ ಮಾಡ್ತೀರಲ್ಲ?"

"ಮಾಡದೆ ಇನ್ನೆಲ್ಲಿಗೆ ಹೋಗ್ಲಿ?"

ಭಾನುವಾರ ಬಾಗಿಲಲ್ಲಿ ಸಾಮಾನು ತುಂಬಿದ ಟೆಂಪೊ ನಿಂತಿತು. ಗಂಡ ಹೊರಗಿನಿಂದಲೇ ಕೂಗಿ ಹೇಳಿದ: "ವನೂ, ಅತ್ತಿಗೆ ಬಂದ್ರು. ಅಡುಗೆಮನೇಲಿ ಜಾಗ ಮಾಡು."