ಹಾಲಿನ ಒಲೆ

ಅಡುಗೆಮನೆಯೂ ಇದ್ದ ಬಾಡಿಗೆ ವ್ಯಾನಿನಲ್ಲಿ ಬಂಡೀಪುರ ಮುಗಿಸಿ ನಾಗರಹೊಳೆಗೆ ಹೊರಟಿದ್ದೆವು. ಸಂಜೆಯ ಸಫಾರಿಗೆಂದು ಮೊಮ್ಮಗಳು ಆಗಲೇ ಟೋಪಿ ಹಾಕಿಕೊಂಡಿದ್ದಳು. ಮನೆಯಿಂದ ಸಾಮಾನೆಲ್ಲ ತಂದು ತುಂಬಿದ್ದ ನಮ್ಮ ಯಜಮಾನರು ಹಿಂದೆ ಗೊರಕೆ ಹೊಡೆಯುತ್ತಿದ್ದರು.

"ನಿನ್ನೆ ಹೊರಡುವಾಗ ಮನೆಯಲ್ಲಿ ಹಾಲು ಕಾಯಿಸಿ ಗ್ಯಾಸ್ ಆರಿಸಿದೆನೋ ಇಲ್ಲವೋ," ಎಂದು ಮತ್ತೆ ಕೇಳಿದೆ.

"ಆರಿಸಿರ್ತೀರಿ ಅತ್ತೆ," ಎಂದಳು ಸೊಸೆ.

"ನೆನಪೇ ಬರ್ತಿಲ್ಲ ಕಣಮ್ಮ. ಎದೆ ಡವಡವ ಅಂತಿದೆ."

ಮಗ ವ್ಯಾನನ್ನು ಮನೆಯ ಕಡೆಗೆ ತಿರುಗಿಸಿದ. ಮೊಮ್ಮಗಳು ಟೋಪಿ ತೆಗೆದಿಟ್ಟು, "ಆನೆ ಎಲ್ಲೂ ಹೋಗಲ್ಲ ಬಿಡು ಅಜ್ಜಿ," ಎಂದಳು.

ಅರ್ಧ ದಾರಿಯಲ್ಲಿ ನಿಲ್ಲಿಸಿ, ನನಗೆ ಕಾಫಿ ಮಾಡಿಕೊಡಲೆಂದು ಸೊಸೆ ವ್ಯಾನಿನ ಒಲೆಯ ಕೆಳಗಿನ ಬಾಗಿಲು ತೆರೆದಳು.

ಒಳಗೆ, ಆಯುಧಪೂಜೆಯಂದು ನಾನೇ ಕುಂಕುಮವಿಟ್ಟಿದ್ದ, ನಮ್ಮ ಮನೆಯ ಒಂದೇ ಒಂದು ಸಿಲಿಂಡರ್ ಕೂತಿತ್ತು.