ಜೋಗುಳದ ಕೊನೆಯ ಚರಣ

ಜನರಿಗೆ ತಾನಾಗಿ ನಿದ್ದೆ ಬರುವುದು ನಿಂತುಹೋದ ಮೇಲೆ, ರಾತ್ರಿಯಾದರೆ ಸಾಕು, ನಾಡೆಲ್ಲ ಮೊಬೈಲಿನಲ್ಲಿ ಚಂಪವ್ವನ ಜೋಗುಳ ಹಚ್ಚಿಕೊಂಡು ಮಲಗುತ್ತಿತ್ತು. ಅದಕ್ಕಿಂತ ಹೆಚ್ಚು ಮಂದಿ ಹಾಕಿಕೊಳ್ಳುವ ಹಾಡು ಬೇರೊಂದಿರಲಿಲ್ಲ. ಹಾಗಾಗಿ ಹುಬ್ಬಳ್ಳಿಯ ಸಂಗೀತೋತ್ಸವದ ಪೋಸ್ಟರಿನಲ್ಲಿ, ದೊಡ್ಡ ದೊಡ್ಡ ರಾಕ್ ಬ್ಯಾಂಡುಗಳ ನೆತ್ತಿಯ ಮೇಲೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅವಳ ಹೆಸರಿತ್ತು.

ಸಂಜೆ ವೇದಿಕೆಯ ಹಿಂದೆ ಆಯೋಜಕ ಇಮ್ತಿಯಾಜ್ ಕೈ ಹಿಸುಕಿಕೊಂಡ. “ಚಂಪವ್ವಾರ, ಕೇಳವ್ರು ಜಾಸ್ತಿ ಅಂತ ನಿಮ್ಮ ಹೆಸರು ಮ್ಯಾಲೆ ಹಾಕೇವ್ರಿ. ಆದ್ರ ನೀವು ಬಾಯಿ ತೆರೆದ್ರ ಇಡೀ ಮೈದಾನ ಮಲಗ್ತದ. ಬ್ಯಾರೆ ಏನಾರ ಹಾಡ್ರಲ್ಲ.”

“ಮಂದಿ ನನ್ನ ಜೋಗುಳ ಕೇಳಾಕ ಬಂದಾರೋ ತಮ್ಮಾ,” ಎಂದಳು ಚಂಪವ್ವ, ಸೆರಗು ಸಿಕ್ಕಿಸಿಕೊಳ್ಳುತ್ತ. “ಅಲ್ಲೋ, ನೀ ಅದನ್ನ ಯಾವತ್ತಾರ ಪೂರ್ತಿ ಕೇಳೀಯೇನು?”

ಇಮ್ತಿಯಾಜ್ ತಡವರಿಸಿದ. “ಎರಡನೇ ಚರಣಕ್ಕ ಕಣ್ಣು ಮುಚ್ಚತಾವ್ರಿ.”

“ಎಲ್ಲಾರ್ದೂ ಅಷ್ಟ. ಹಾಡಿನ ಜೀವ ಇರೋದು ಕಡೀ ಚರಣದಾಗ. ಅದನ್ನ ಕೇಳಿದಾಕಿ ನಾ ಒಬ್ಬಾಕೀನ.”

ಅವಳು ನೆಟ್ಟಗೆ ಹೋಗಿ ಮೈಕಿನ ಮುಂದೆ ನಿಂತಳು. ಜನ ರೂಢಿಯಂತೆ ಚಾಪೆ ಬಿಡಿಸತೊಡಗಿದ್ದರು. ಚಂಪವ್ವ ಕೊನೆಯ ಚರಣದಿಂದಲೇ ಹಾಡು ಎತ್ತಿಕೊಂಡಳು. ತಾಯಿ ಮಗುವನ್ನು ಎಬ್ಬಿಸುವ ಚರಣ ಅದು: ಬೆಳಕಾಯಿತು ಕಂದಾ, ಗೆಳೆಯರು ಬಾಗಿಲಿಗೆ ಬಂದು ಕರೆಯುತ್ತಿದ್ದಾರೆ, ಏಳು.

ಅರ್ಧ ಬಿಡಿಸಿದ ಚಾಪೆಗಳನ್ನು ಹಿಡಿದುಕೊಂಡೇ ಜನ ಎದ್ದು ನಿಂತರು. ಯಾರೊಬ್ಬರೂ ಆಕಳಿಸಲಿಲ್ಲ. ಇಮ್ತಿಯಾಜ್ ಕಣ್ಣೊರೆಸಿಕೊಂಡ.

ಹಾಡು ಮುಗಿಯುತ್ತಲೇ ಮೈದಾನದ ತುಂಬ ಚಪ್ಪಾಳೆ ಎದ್ದಿತು. ಬಾಳೆಲ್ಲ ಹಾಡಿದ ಚಂಪವ್ವ ತನಗಾಗಿ ಬಿದ್ದ ಚಪ್ಪಾಳೆಯ ಸದ್ದು ಕೇಳಿದ್ದು ಅದೇ ಮೊದಲು.